ಶಾಲೆಯಲ್ಲಿ ಪೂಜೆ, ಪ್ರಾರ್ಥನೆ: ಕಾನೂನು ಎಲ್ಲಿವರೆಗೆ ಬಿಡುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಶಾಲೆ ಮತ್ತು ಧರ್ಮದ ಬಗ್ಗೆ. ಜಮೀನು, ಖಾತೆ, ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರಲ್ಲಿ ಬಹಳ ಜನ ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ, ಶಾಲೆಯ ಹೆಸರೂ ಇಲ್ಲ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಪ್ರತಿ ವರ್ಷ ಏಳನೇ ತರಗತಿ ಮಕ್ಕಳಿಗೆ ಬೀಳ್ಕೊಡುಗೆ ಮಾಡುತ್ತೇವೆ. ಅದರ ಜೊತೆಗೇ ಶಾರದಾ ಪೂಜೆ. ಈ ಸಲ ಪುರೋಹಿತರನ್ನು ಕರೆಸಿ ಹೋಮವನ್ನೂ ಮಾಡಿಸೋಣ ಎಂದು ಕೆಲವರು ಹೇಳಿ, ಮಗುವಿಗೆ 100 ರೂಪಾಯಿ ಎಂದು ಗೊತ್ತು ಮಾಡಿದ್ದಾರೆ. ಎರಡು ಕ್ರೈಸ್ತ ಮನೆಯವರು, ಬೌದ್ಧ ಧರ್ಮ ಪಾಲಿಸುವ ಒಬ್ಬರು ‘ನಮ್ಮ ಮಕ್ಕಳು ಪೂಜೆಗೆ ಕೂರಲ್ಲ’ ಎಂದರು. ಹೆಡ್‌ಮಾಸ್ಟರು ‘ಹಾಗಾದ್ರೆ ಆ ದಿನ ಮಕ್ಕಳು ಮನೇಲೇ ಇರ್ಲಿ’ ಅಂದುಬಿಟ್ಟರು. ಇದು ಸರಿಯೇ? ಪೂಜೆಯೇ ಮಾಡಬಾರದು ಎಂದು ಕಾನೂನಿದೆಯೇ? ಊರಲ್ಲಿ ಜಗಳ ಆಗಬಾರದು, ಅದೂ ಮುಖ್ಯ. — ಅರಸೀಕೆರೆ ತಾಲ್ಲೂಕಿನಿಂದ ಒಬ್ಬ ಓದುಗರು

ಉತ್ತರ: ಮೊದಲು ಆ ಮಕ್ಕಳ ವಿಷಯ. ‘ಮನೆಯಲ್ಲೇ ಇರಲಿ’ ಎನ್ನುವ ಮಾತು ತಪ್ಪು. ಬೀಳ್ಕೊಡುಗೆ ಅವರದ್ದೂ ಹೌದು. ಏಳು ವರ್ಷ ಅದೇ ಬೆಂಚಿನಲ್ಲಿ ಕೂತು ಕಲಿತ ಮಗುವಿಗೆ ಕೊನೆಯ ದಿನ ಬರಬೇಡ ಎನ್ನುವ ಅಧಿಕಾರ ಯಾವ ಹೆಡ್‌ಮಾಸ್ಟರಿಗೂ ಇಲ್ಲ. ಇದನ್ನು ಇವತ್ತೇ ಅವರಿಗೆ ಹೇಳಿ.

ಈಗ ಕಾನೂನು. ನಮ್ಮ ಸಂವಿಧಾನದ 28ನೇ ವಿಧಿಯ ಮೊದಲ ಭಾಗ ನೇರವಾಗಿದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೊಡುವಂತಿಲ್ಲ. ಪೋಷಕರು ಒಪ್ಪಿದರೂ ಕೊಡುವಂತಿಲ್ಲ, ಊರಿಗೆ ಊರೇ ಒಂದೇ ಧರ್ಮದ್ದಾದರೂ ಕೊಡುವಂತಿಲ್ಲ. ಇದಕ್ಕೆ ಇರುವುದು ಒಂದೇ ವಿನಾಯಿತಿ. ಹಿಂದೆ ಯಾರೋ ದತ್ತಿ ಅಥವಾ ಟ್ರಸ್ಟ್ ಮಾಡಿ, ಇಲ್ಲಿ ಧರ್ಮ ಕಲಿಸಲೇಬೇಕು ಎಂಬ ಷರತ್ತಿನ ಮೇಲೆ ಶಾಲೆ ಕಟ್ಟಿಸಿದ್ದು, ಈಗ ಸರ್ಕಾರ ಅದನ್ನು ನೋಡಿಕೊಳ್ಳುತ್ತಿದ್ದರೆ ಆ ಮಾತು ಬೇರೆ. ನಿಮ್ಮದು ಅಂಥ ಶಾಲೆಯಲ್ಲ.

1948ರ ಡಿಸೆಂಬರ್ 7ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆಯಿತು. ಅಂಬೇಡ್ಕರ್ ಅವತ್ತು ಕೊಟ್ಟ ಕಾರಣಗಳನ್ನು ನಿಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಹಾಗೇ ಹೇಳಬಹುದು. ಶಾಲೆ ನಡೆಯುವುದು ಎಲ್ಲರ ತೆರಿಗೆಯಲ್ಲಿ. ಎಲ್ಲರ ಹಣ ತಗೊಂಡು ಕೆಲವರ ಧರ್ಮ ಕಲಿಸುವುದು ನ್ಯಾಯವಲ್ಲ. ಇನ್ನು ನಮ್ಮ ದೇಶದಲ್ಲಿ ಇಷ್ಟೊಂದು ಧರ್ಮ, ಪಂಥಗಳಿವೆ. ಎಲ್ಲವನ್ನೂ ಕಲಿಸಲು ಆಗುವುದಿಲ್ಲ. ನನ್ನ ದಾರಿಯೊಂದೇ ಸರಿ ಎನ್ನುವ ಬೋಧನೆಗಳು ಶಾಲೆಯೊಳಗೆ ಬಂದರೆ ಅಲ್ಲಿನ ನೆಮ್ಮದಿ ಕೆಡುತ್ತದೆ.

ಹಾಗಾದರೆ ಪೂಜೆ ಎಂದರೆ ಬೋಧನೆಯೇ? ಇದು ಇನ್ನೂ ಪೂರ್ತಿ ತೀರ್ಮಾನ ಆಗದ ಪ್ರಶ್ನೆ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯಲ್ಲಿ ‘ಅಸತೋ ಮಾ ಸದ್ಗಮಯ’ ಇದೆಯಲ್ಲ, ಅದನ್ನು ಎಲ್ಲ ಮಕ್ಕಳ ಕೈಲೂ ಹೇಳಿಸುವುದು ಸರಿಯೇ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಇದು ಬೃಹದಾರಣ್ಯಕ ಉಪನಿಷತ್ತಿನ ಮಂತ್ರ ಎಂದು ಒಂದು ಕಡೆಯವರು, ಇದರಲ್ಲಿರುವುದು ಎಲ್ಲರೂ ಒಪ್ಪುವ ಸತ್ಯದ ಮಾತು ಎಂದು ಇನ್ನೊಂದು ಕಡೆಯವರು. ಸುಪ್ರೀಂ ಕೋರ್ಟಿನ ಲಾಂಛನದಲ್ಲೇ ಮಹಾಭಾರತದ ‘ಯತೋ ಧರ್ಮಸ್ತತೋ ಜಯಃ’ ಇದೆ ಎಂದು ಸರ್ಕಾರದ ವಕೀಲರು ನೆನಪಿಸಿದರು. 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಇದನ್ನು ದೊಡ್ಡ ಪೀಠವೇ ನೋಡಬೇಕು ಎಂದು ಕಳಿಸಿತು. ಹಾಗಾಗಿ ಶಾರದೆಯ ಫೋಟೋಗೆ ಹೂವು ಹಾಕಿ ದೀಪ ಹಚ್ಚಿದರೆ ಅಪರಾಧ ಎಂದು ನಾನು ಬರೆಯುವುದಿಲ್ಲ. ಅಂಥ ತೀರ್ಪು ನಮ್ಮ ಮುಂದಿಲ್ಲ.

ಆದರೆ ನಿಮ್ಮಲ್ಲಿ ನಡೆಯಲು ಹೊರಟಿರುವುದು ದೀಪ ಹಚ್ಚುವುದಕ್ಕಿಂತ ಬಹಳ ಮುಂದೆ ಹೋಗಿದೆ. ಪುರೋಹಿತರು ಬರುತ್ತಾರೆ, ಹೋಮ ಆಗುತ್ತದೆ, ಶಾಲೆಯೇ ಮುಂದೆ ನಿಂತು ಮಾಡಿಸುತ್ತದೆ, ಮಕ್ಕಳಿಂದ ಹಣ ಎತ್ತುತ್ತದೆ, ಬೇಡ ಎಂದ ಮಗುವನ್ನು ಹೊರಗಿಡುತ್ತದೆ. ಇಷ್ಟೂ ಸೇರಿದಾಗ ಸರ್ಕಾರಿ ಶಾಲೆ ತನ್ನ ಗೆರೆ ದಾಟಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಲವಂತದ ಮಾತಂತೂ ಇನ್ನೂ ಸ್ಪಷ್ಟ. 25ನೇ ವಿಧಿ ಪ್ರತಿಯೊಬ್ಬರಿಗೂ ತನ್ನ ಮನಸ್ಸಾಕ್ಷಿಯಂತೆ ನಡೆಯುವ ಹಕ್ಕು ಕೊಟ್ಟಿದೆ. ಮಕ್ಕಳಿಗೂ ಅದು ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸುತ್ತದೆ. ಎಲ್ಲರ ಎದುರು ‘ನೀನು ಆರತಿ ತಗೊಳ್ಳಲ್ವಾ?’ ಎಂದು ನಿಲ್ಲಿಸಿ ಕೇಳುವುದು ನನ್ನ ಲೆಕ್ಕದಲ್ಲಿ ಅದೇ. 100 ರೂಪಾಯಿಯೂ ಕಡ್ಡಾಯವಾಗುವಂತಿಲ್ಲ.

ನನ್ನ ಅಮ್ಮ ಮಲೆನಾಡಿನ ಸರ್ಕಾರಿ ಶಾಲೆಗಳಲ್ಲಿ ಟೀಚರ್ ಆಗಿದ್ದರು. ದೈವಭಕ್ತೆ. ಮನೆಯಲ್ಲಿ ಪೂಜೆ ಮುಗಿಸದೆ ಕಾಫಿ ಕುಡಿಯುತ್ತಿರಲಿಲ್ಲ. ಶಾಲೆಯ ಕಾರ್ಯಕ್ರಮದ ಪಟ್ಟಿ ಬರೆಯಲು ಕೂತಾಗ ಮಾತ್ರ ಸಹೋದ್ಯೋಗಿಗಳಿಗೆ ಒಂದು ಪ್ರಶ್ನೆ ಹಾಕುತ್ತಿದ್ದರು: ‘ಇದ್ರಲ್ಲಿ ಯಾವ ಮಗು ಬಾಗಿಲ ಹೊರಗೆ ನಿಲ್ಬೇಕಾಗುತ್ತೆ?’ ಯಾರಾದರೂ ಒಬ್ಬರ ಹೆಸರು ಬಂದರೂ ಆ ಭಾಗವನ್ನು ಬದಲಿಸುತ್ತಿದ್ದರು. ನಾನು ಕಾನೂನು ಓದಿದ ಮೇಲೆ, 28ನೇ ವಿಧಿ ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಪ್ರಶ್ನೆಯೇ.

ಜಗಳವಿಲ್ಲದೆ ಹೀಗೆ ಮಾಡಿ. ಎಸ್‌ಡಿಎಂಸಿ ಸಭೆ ಕರೆಯಿರಿ. ಬೀಳ್ಕೊಡುಗೆ ಬೆಳಿಗ್ಗೆ ಶಾಲೆಯಲ್ಲಿ, ಎಲ್ಲ ಮಕ್ಕಳಿಗೆ, ಶಾಲೆಯ ಹೆಸರಲ್ಲಿ. ನಾಡಗೀತೆ, ಮಕ್ಕಳ ಮಾತು, ಗ್ರೂಪ್ ಫೋಟೋ, ಸಿಹಿಯೂಟ. ಹೋಮ ಬೇಕು ಎನ್ನುವ ಪೋಷಕರು ಸಂಜೆ ಊರ ದೇವಸ್ಥಾನದಲ್ಲಿ ತಮ್ಮ ಖರ್ಚಿನಲ್ಲಿ ಮಾಡಿಸಲಿ. ಇಷ್ಟ ಇದ್ದವರು ಹೋಗಲಿ. ಅವರ ಭಕ್ತಿಗೂ ಅಡ್ಡಿಯಿಲ್ಲ. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಆಕ್ಷೇಪಣೆ ಎತ್ತಿದ ಮನೆಗಳ ಹೆಸರನ್ನು ಅದರಲ್ಲಿ ಬರೆಯಬೇಡಿ. ಊರು ಚಿಕ್ಕದು, ಆ ಮಕ್ಕಳು ಅಲ್ಲೇ ಬೆಳೆಯಬೇಕು. ಇಷ್ಟಾದರೂ ಹೆಡ್‌ಮಾಸ್ಟರು ಒಪ್ಪದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನನ್ನ ಮಗಳು ಕ್ರೈಸ್ತ ಸಂಸ್ಥೆಯ ಅನುದಾನಿತ ಹೈಸ್ಕೂಲಿನಲ್ಲಿ 8ನೇ ತರಗತಿ. ಪಾಠ ಬಹಳ ಚೆನ್ನಾಗಿದೆ, ಟೀಚರುಗಳೂ ಒಳ್ಳೆಯವರು. ವಾರಕ್ಕೊಮ್ಮೆ ಎಲ್ಲರನ್ನೂ ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ಯುತ್ತಾರೆ. ಅವಳಿಗೆ ಇಷ್ಟವಿಲ್ಲ. ಅಡ್ಮಿಷನ್ ಫಾರಂಗೆ ನಾವು ಸಹಿ ಹಾಕಿದ್ದೇವೆ. ಈಗ ಬೇಡ ಎನ್ನಬಹುದೇ? — ಕಾರ್ಕಳದಿಂದ ಒಬ್ಬ ತಾಯಿ

ಉತ್ತರ: ಅನ್ನಬಹುದು. ನಿಮಗೆ ಬೇಕಾದದ್ದು 28ನೇ ವಿಧಿಯ ಮೂರನೇ ಭಾಗ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಹುದು, ಪೂಜೆ ಪ್ರಾರ್ಥನೆಯೂ ಇರಬಹುದು. ಆದರೆ ಅದಕ್ಕೆ ಮಗು ಹೋಗಲೇಬೇಕು ಎನ್ನುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು. ಅನುದಾನ ಪಡೆದ ಶಾಲೆಗೆ ಮಾತ್ರ ಇದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಬರೀ ಮಾನ್ಯತೆ ಇದ್ದರೂ ಸಾಕು. ಮಠದ ಶಾಲೆಯಾಗಲಿ, ಚರ್ಚಿನ ಶಾಲೆಯಾಗಲಿ, ಮುಸ್ಲಿಂ ಸಂಸ್ಥೆಯ ಶಾಲೆಯಾಗಲಿ, ಎಲ್ಲಕ್ಕೂ ಒಂದೇ ನಿಯಮ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. ಅದು ದೊಡ್ಡ ಹಕ್ಕು, ಅದನ್ನು ನಾವು ಗೌರವಿಸಬೇಕು. ಆದರೆ ಇನ್ನೊಂದು ಮನೆಯ ಮಗುವನ್ನು ಪ್ರಾರ್ಥನೆಗೆ ಬಲವಂತ ಮಾಡುವ ಹಕ್ಕು ಅದರೊಳಗೆ ಸೇರಿಲ್ಲ.

ಫಾರಂ ತೆಗೆದು ಓದಿ. ‘ಶಾಲೆಯ ನಿಯಮಗಳನ್ನು ಪಾಲಿಸುತ್ತೇವೆ’ ಎಂದಷ್ಟೇ ಇದ್ದರೆ ಅದನ್ನು ಪ್ರಾರ್ಥನೆಗೆ ಕೊಟ್ಟ ಒಪ್ಪಿಗೆ ಎಂದು ನಾನು ಓದುವುದಿಲ್ಲ. ಪ್ರಾರ್ಥನೆಗೆ ಒಪ್ಪಿದ್ದೇವೆ ಎಂದು ಬಿಡಿಸಿ ಬರೆದಿದ್ದರೂ, ಇನ್ನು ಮುಂದೆ ಒಪ್ಪಿಗೆ ಇಲ್ಲ ಎಂದು ನೀವು ತಿಳಿಸಬಹುದು ಎಂಬುದು ನನ್ನ ಅಭಿಪ್ರಾಯ. ಪತ್ರ ಚಿಕ್ಕದಿರಲಿ:

‘ಮಾನ್ಯ ಮುಖ್ಯೋಪಾಧ್ಯಾಯರೇ, ನಮ್ಮ ಮಗಳು ವಾರದ ಪ್ರಾರ್ಥನೆಯಲ್ಲಿ ಭಾಗವಹಿಸಲು ನಮ್ಮ ಒಪ್ಪಿಗೆ ಇರುವುದಿಲ್ಲ. ಆ ಹೊತ್ತಿನಲ್ಲಿ ಅವಳು ಗ್ರಂಥಾಲಯದಲ್ಲಿ ಕೂತು ಓದಲು ದಯವಿಟ್ಟು ಅನುಕೂಲ ಮಾಡಿಕೊಡಿ. ಶಾಲೆಯ ಬಗ್ಗೆ ನಮಗೆ ಗೌರವವಿದೆ.’

ಈ ಪತ್ರವನ್ನು ಮಗಳ ಕೈಯಲ್ಲಿ ಕಳಿಸಬೇಡಿ. ನೀವೇ ಹೋಗಿ ಕೊಡಿ. ಹದಿಮೂರು ವರ್ಷದ ಹುಡುಗಿ ಸ್ಟಾಫ್ ರೂಮಿನಲ್ಲಿ ನಿಂತು ಧರ್ಮದ ಬಗ್ಗೆ ವಾದ ಮಾಡುವ ಪರಿಸ್ಥಿತಿ ಬರಬಾರದು.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಶಿಕ್ಷಕ. ಬಸವಣ್ಣನ ವಚನ ಕಲಿಸಿದಾಗ ಒಬ್ಬ ಪೋಷಕರು, ಏಸುವಿನ ಬಗ್ಗೆ ಪಾಠ ಮಾಡಿದಾಗ ಇನ್ನೊಬ್ಬರು ಬಂದು ‘ಶಾಲೇಲಿ ಧರ್ಮ ಹೇಳ್ಕೊಡ್ತೀರಾ?’ ಎಂದು ಜೋರು ಮಾಡಿದರು. ಸುಮ್ನೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮೇಷ್ಟ್ರೇ. ದಯವಿಟ್ಟು ಬಿಡಬೇಡಿ.

ಧರ್ಮದ ವಿಷಯ ಬಾಯಿಗೆ ಬಂದರೆ ಸಾಕು ಕಾನೂನು ಮುರಿಯಿತು ಎಂದುಕೊಂಡರೆ ಕನ್ನಡವನ್ನೇ ಕಲಿಸಲು ಆಗುವುದಿಲ್ಲ. ಪಂಪ ಜೈನ, ಹರಿಹರ ಶಿವಭಕ್ತ, ಕುಮಾರವ್ಯಾಸ ವಿಷ್ಣುಭಕ್ತ. ಕನಕದಾಸರನ್ನೂ ಶಿಶುನಾಳ ಷರೀಫರನ್ನೂ ಅವರ ಭಕ್ತಿಯಿಂದ ಬಿಡಿಸಿ ಓದುವುದು ಹೇಗೆ? ನಿಮ್ಮ ಜಿಲ್ಲೆಯ ಮಣ್ಣಿನಲ್ಲೇ ಕನಕ, ಷರೀಫ, ಸರ್ವಜ್ಞ ಮೂವರೂ ಇದ್ದಾರಲ್ಲ.

ಸುಪ್ರೀಂ ಕೋರ್ಟ್ ಇದನ್ನು ಬಹಳ ಹಿಂದೆಯೇ ಹೇಳಿದೆ. ಪಂಜಾಬಿನಲ್ಲಿ ಗುರುನಾನಕರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅವರ ಜೀವನ, ಬೋಧನೆಗಳ ಅಧ್ಯಯನಕ್ಕೆ ಕಾಯ್ದೆಯಲ್ಲೇ ಜಾಗ ಕೊಟ್ಟಿದ್ದರು. ಡಿಎವಿ ಕಾಲೇಜು ಇದನ್ನು ಪ್ರಶ್ನಿಸಿತು. 1971ರಲ್ಲಿ ಬಂದ ತೀರ್ಪು: ಒಬ್ಬ ಸಂತನ ಬದುಕು, ವಿಚಾರಗಳನ್ನು ಅಧ್ಯಯನ ಮಾಡುವುದು ಧಾರ್ಮಿಕ ಬೋಧನೆಯಲ್ಲ. ಮುಂದೆ 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಎಲ್ಲ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡಬೇಕು ಎಂದಿದ್ದನ್ನು ಅರುಣಾ ರಾಯ್ ಮತ್ತಿತರರು ಪ್ರಶ್ನಿಸಿದರು. 2002ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಆ ಚೌಕಟ್ಟನ್ನು ಎತ್ತಿಹಿಡಿಯಿತು. ಧರ್ಮಗಳ ಬಗ್ಗೆ ಕಲಿಸುವುದನ್ನು 28ನೇ ವಿಧಿ ತಡೆಯುವುದಿಲ್ಲ ಎಂದಿತು.

ತರಗತಿಯಲ್ಲಿ ನೀವು ‘ಕ್ರೈಸ್ತರು ಏಸುವನ್ನು ದೇವರ ಮಗ ಎಂದು ನಂಬುತ್ತಾರೆ’ ಎನ್ನಬಹುದು. ‘ಮಕ್ಕಳೇ, ಏಸು ದೇವರ ಮಗ, ಎಲ್ಲರೂ ಕಣ್ಣು ಮುಚ್ಚಿ ಬೇಡಿಕೊಳ್ಳಿ’ ಎನ್ನುವಂತಿಲ್ಲ. ಬಸವಣ್ಣನ ವಚನಕ್ಕೆ ಅರ್ಥ ಹೇಳಿ, ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ ಹೇಳಿ, ಜಾತಿಯ ಬಗ್ಗೆ ಅವರು ಎತ್ತಿದ ಪ್ರಶ್ನೆ ಹೇಳಿ. ಲಿಂಗಪೂಜೆ ಮಾಡುವ ವಿಧಾನ ಕಲಿಸಬೇಡಿ. ಜೋರು ಮಾಡಿದ ಇಬ್ಬರೂ ಪೋಷಕರನ್ನು ಒಟ್ಟಿಗೆ ಕೂರಿಸಿ ಪಠ್ಯಪುಸ್ತಕ ತೆರೆದು ತೋರಿಸಿ. ಬಹಳ ಸಲ ಅಷ್ಟರಲ್ಲೇ ವಿಷಯ ಮುಗಿಯುತ್ತದೆ.

ಪ್ರಶ್ನೆ: ನಮ್ಮ ನಂಬಿಕೆಯಲ್ಲಿ ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಹಾಡಿ ಹೊಗಳುವಂತಿಲ್ಲ. ಮಗ ಸರ್ಕಾರಿ ಶಾಲೆಯಲ್ಲಿ 6ನೇ ತರಗತಿ. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಾನೆ, ಹಾಡುವುದಿಲ್ಲ. ಟಿ.ಸಿ. ಕೊಟ್ಟು ಕಳಿಸುತ್ತೇವೆ ಎನ್ನುತ್ತಿದ್ದಾರೆ. — ಕೋಲಾರ

ಉತ್ತರ: ಕಳಿಸುವಂತಿಲ್ಲ. ಇದೇ ವಿಷಯದಲ್ಲಿ ಪ್ರಸಿದ್ಧ ತೀರ್ಪಿದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಯೆಹೋವನ ಸಾಕ್ಷಿಗಳು ಪಂಥದ ಮೂವರು ಮಕ್ಕಳನ್ನು ಹೊರಹಾಕಿದರು. ಅವರೂ ನಿಮ್ಮ ಮಗನ ಹಾಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಬಾಯಿ ಬಿಟ್ಟು ಹಾಡುತ್ತಿರಲಿಲ್ಲ. ಕೇರಳ ಹೈಕೋರ್ಟಿನಲ್ಲಿ ಅವರು ಸೋತರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ಎದ್ದು ನಿಂತರೆ ಅದೇ ಗೌರವ, ಹಾಡದಿರುವುದು ಅಗೌರವ ಅಲ್ಲ ಎಂದಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಇದರ ಹೆಸರು. ಮುಖ್ಯೋಪಾಧ್ಯಾಯರಿಗೆ ಕೊಡುವ ಅರ್ಜಿಯಲ್ಲಿ ಈ ಹೆಸರು, 1986 ಎಂಬ ವರ್ಷ ಬರೆಯಿರಿ. ಜೊತೆಗೆ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಮಗನಿಗೂ ಒಂದು ಮಾತು ಹೇಳಿ: ಬೇರೆಯವರು ಹಾಡುವಾಗ ಮಾತಾಡುವುದು, ಅಡ್ಡಿ ಮಾಡುವುದು ಕೂಡದು. ಅದಕ್ಕೆ ಮಾತ್ರ ಕಾನೂನಿನಲ್ಲಿ ಶಿಕ್ಷೆ ಇದೆ.

ಪ್ರಶ್ನೆ: ಹಣೆಯ ವಿಭೂತಿ, ಕೈಯ ದಾರ, ತಲೆಯ ಹಿಜಾಬ್: ಸಮವಸ್ತ್ರ ಇರುವ ಕಡೆ ಕೊನೆಗೆ ಕಾನೂನು ಏನೆಂದಿತು? — ಉಡುಪಿ

ಉತ್ತರ: ಕೊನೆಯ ಮಾತು ಬಂದಿಲ್ಲ. 2022ರ ಫೆಬ್ರವರಿ 5ರಂದು ನಮ್ಮ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಹೈಕೋರ್ಟಿನ ಮಾತನ್ನು ಉಳಿಸಿದರು, ಸುಧಾಂಶು ಧುಲಿಯಾ ಅದನ್ನು ತಳ್ಳಿಹಾಕಿದರು. ಹೊಸ ಪೀಠ ರಚಿಸಲು ಪ್ರಕರಣ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಈ ಹುಡುಗಿಯರ ಓದು ಏನಾಗುತ್ತದೆ ಎಂಬುದನ್ನು ಧುಲಿಯಾ ಅವರು ಮುಂದಿಟ್ಟುಕೊಂಡು ನೋಡಿದರು. ನನ್ನ ಮನಸ್ಸೂ ಅಲ್ಲೇ ನಿಲ್ಲುತ್ತದೆ. ನಿಮ್ಮ ಶಾಲೆಯ ಸದ್ಯದ ನಿಯಮ ಏನೆಂದು ಬರಹದಲ್ಲಿ ಕೇಳಿ ಪಡೆಯಿರಿ. ಗೇಟಿನ ಬಳಿ ಬಾಯಿಮಾತಿನ ಜಗಳ ಬೇಡ.

ಪ್ರಶ್ನೆ: ನನ್ನ ಮೊಮ್ಮಗ ಅಮೆರಿಕದ ಡಲ್ಲಾಸ್ ಹತ್ತಿರ ಪಬ್ಲಿಕ್ ಹೈಸ್ಕೂಲಿನಲ್ಲಿ 10ನೇ ಕ್ಲಾಸು. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಸರ್ಕಾರಿ ಶಾಲೆಯೇ ಅಂತೆ. ಫುಟ್‌ಬಾಲ್ ಆಡುತ್ತಾನೆ. ಮ್ಯಾಚಿಗೆ ಮೊದಲು ಕೋಚ್ ಎಲ್ಲರನ್ನೂ ಸುತ್ತ ನಿಲ್ಲಿಸಿ ಏಸುವಿನ ಪ್ರಾರ್ಥನೆ ಮಾಡಿಸುತ್ತಾರೆ. ಇವನು ದೂರ ನಿಂತರೆ ಆಡಿಸುವುದಿಲ್ಲವೇನೋ ಎಂದು ಅವನಿಗೆ ಭಯ. ಅವನಿಗೂ ಗೆಳೆಯರಿಗೂ ಸೇರಿ ಶಾಲೆಯಲ್ಲಿ ಹಿಂದೂ ಮಕ್ಕಳ ಕ್ಲಬ್ ಮಾಡುವ ಆಸೆಯೂ ಇದೆ. ಆಗುತ್ತದೆಯೇ? — ಮೈಸೂರಿನಿಂದ ಒಬ್ಬ ಅಜ್ಜಿ

ಉತ್ತರ: ನಮಸ್ಕಾರ ಅಮ್ಮಾ. ನಾನು ವಕೀಲಿ ಮಾಡುವುದು ಇಲ್ಲಿ. ಅಲ್ಲಿನ ವಕೀಲರ ಸಲಹೆಗೆ ನನ್ನ ಉತ್ತರ ಬದಲಿಯಲ್ಲ. ಆದರೂ ಅಲ್ಲಿನ ದೊಡ್ಡ ತೀರ್ಪುಗಳನ್ನು ಓದಿದ್ದೇನೆ, ಹೇಳುತ್ತೇನೆ.

ಸರ್ಕಾರಿ ಶಾಲೆಯ ಪ್ರಾರ್ಥನೆಯ ವಿಷಯದಲ್ಲಿ ಅಮೆರಿಕದ ಕೋರ್ಟು ನಮ್ಮದಕ್ಕಿಂತ ಬಿಗಿ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಯಾವ ಪಂಥಕ್ಕೂ ಸೇರದ 22 ಪದಗಳ ಪುಟ್ಟ ಪ್ರಾರ್ಥನೆಯೊಂದನ್ನು ಬರೆದು ಶಾಲೆಗಳಿಗೆ ಕೊಟ್ಟಿತ್ತು. ಬೇಡದ ಮಕ್ಕಳು ಸುಮ್ಮನಿರಬಹುದಿತ್ತು, ಹೊರಗೂ ಹೋಗಬಹುದಿತ್ತು. ಆದರೂ 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಕೂಡದು ಎಂದಿತು. ಪ್ರಾರ್ಥನೆ ಬರೆದುಕೊಡುವುದು ಸರ್ಕಾರದ ಕೆಲಸವಲ್ಲ ಎಂಬುದು ಅದರ ಕಾರಣ. ಮರುವರ್ಷ ಶಾಲೆ ನಡೆಸುವ ಬೈಬಲ್ ಪಠಣವನ್ನೂ ನಿಲ್ಲಿಸಿತು. ಎಂಗೆಲ್, ಶೆಂಪ್ ಎಂದು ಆ ಎರಡು ಪ್ರಕರಣಗಳ ಹೆಸರು. ನಿಮ್ಮ ಮೊಮ್ಮಗ ಇರುವ ಟೆಕ್ಸಾಸಿನದ್ದೇ ಇನ್ನೊಂದು ಪ್ರಕರಣವಿದೆ, ಸಾಂಟಾ ಫೆ ಎಂಬ ಊರಿನದು. ಫುಟ್‌ಬಾಲ್ ಮ್ಯಾಚಿಗೆ ಮೊದಲು ಶಾಲೆಯ ಮೈಕಿನಲ್ಲಿ ವಿದ್ಯಾರ್ಥಿಯೊಬ್ಬರಿಂದ ಪ್ರಾರ್ಥನೆ ಹೇಳಿಸುತ್ತಿದ್ದರು. 2000ದಲ್ಲಿ ಅದೂ ತಪ್ಪು ಎಂದಾಯಿತು.

2022ರಲ್ಲಿ ಗಾಳಿ ಸ್ವಲ್ಪ ತಿರುಗಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಸಹಾಯಕ ಕೋಚ್ ಒಬ್ಬರು ಮ್ಯಾಚು ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಅದು ಅವರ ಸ್ವಂತ ಪ್ರಾರ್ಥನೆ, ಶಾಲೆ ತಡೆಯುವಂತಿಲ್ಲ ಎಂದು ಆರು ನ್ಯಾಯಮೂರ್ತಿಗಳು ಹೇಳಿದರು. ಮೂವರು ಒಪ್ಪಲಿಲ್ಲ. ಕೋಚ್ ಮಂಡಿಯೂರಿದರೆ ಆಟದಲ್ಲಿ ಜಾಗ ಬೇಕಾದ ಹುಡುಗರು ಹಿಂದೆ ನಿಲ್ಲದೆ ಇರುತ್ತಾರೆಯೇ ಎಂಬುದು ಆ ಮೂವರ ಆತಂಕ. ನಿಮ್ಮ ಮೊಮ್ಮಗನ ಭಯವೂ ಅದೇ ಅಲ್ವಾ? ಆ ಮೂವರ ಮಾತೇ ನನಗೆ ಸರಿ ಕಾಣುತ್ತದೆ. ಆದರೂ ನಿಮ್ಮ ಪ್ರಶ್ನೆಗೆ ಆ ತೀರ್ಪು ಅಡ್ಡ ಬರುವುದಿಲ್ಲ. ಅಲ್ಲಿ ಕೋಚ್ ತನ್ನ ಪಾಡಿಗೆ ಪ್ರಾರ್ಥಿಸಿದ್ದಕ್ಕೆ ರಕ್ಷಣೆ ಸಿಕ್ಕಿದೆ. ತಂಡವನ್ನೆಲ್ಲ ಸುತ್ತ ನಿಲ್ಲಿಸಿ ಮಾಡಿಸುವುದಕ್ಕೆ, ಸೇರದವನನ್ನು ಬೆಂಚಿನಲ್ಲಿ ಕೂರಿಸುವುದಕ್ಕೆ ಸಿಕ್ಕಿಲ್ಲ. ಹುಡುಗನ ಅಪ್ಪ ಅಮ್ಮ ಮೊದಲು ಪ್ರಿನ್ಸಿಪಾಲರಿಗೆ ಇ-ಮೇಲ್ ಬರೆಯಲಿ. ಯಾವ ದಿನ, ಯಾವ ಮ್ಯಾಚು, ಏನಾಯಿತು ಎಂದಷ್ಟೇ ಇರಲಿ.

ಕ್ಲಬ್ ಮಾಡಲು ಅಡ್ಡಿಯಿಲ್ಲ. ಅಲ್ಲಿನ 1984ರ ಸಮಾನ ಅವಕಾಶದ ಕಾಯ್ದೆ (ಈಕ್ವಲ್ ಆಕ್ಸೆಸ್ ಆ್ಯಕ್ಟ್) ಇರುವುದೇ ಇದಕ್ಕೆ. ಕೇಂದ್ರದ ಹಣ ಪಡೆಯುವ ಹೈಸ್ಕೂಲು, ಪಾಠಕ್ಕೆ ಸಂಬಂಧವಿಲ್ಲದ ಒಂದು ಕ್ಲಬ್ಬಿಗೆ, ಚೆಸ್ ಕ್ಲಬ್ಬಿಗೆ ಅಂತಿಟ್ಟುಕೊಳ್ಳಿ, ಜಾಗ ಕೊಟ್ಟರೆ ಧಾರ್ಮಿಕ ಕ್ಲಬ್ಬಿಗೆ ಇಲ್ಲ ಎನ್ನುವಂತಿಲ್ಲ. ಅಲ್ಲಿ ಬೈಬಲ್ ಕ್ಲಬ್ ಇದ್ದರಂತೂ ಕೇಳುವುದು ಇನ್ನೂ ಸುಲಭ. ಷರತ್ತುಗಳಿವೆ. ಕ್ಲಬ್ಬನ್ನು ಮಕ್ಕಳೇ ಶುರು ಮಾಡಬೇಕು, ಮಕ್ಕಳೇ ನಡೆಸಬೇಕು, ಪಾಠದ ಹೊತ್ತಿನಲ್ಲಿ ಸೇರುವಂತಿಲ್ಲ. ಟೀಚರ್ ಒಬ್ಬರು ಕೋಣೆಯಲ್ಲಿ ಇರಬಹುದು, ಧಾರ್ಮಿಕ ಭಾಗದಲ್ಲಿ ಸೇರಬಾರದು. ಹೊರಗಿನವರು ಅದನ್ನು ನಡೆಸುವುದಕ್ಕೆ, ಪ್ರತಿ ಸಲ ಬಂದು ಕೂರುವುದಕ್ಕೆ ಕಾಯ್ದೆ ಬಿಡುವುದಿಲ್ಲ. ನೀವು ಅಲ್ಲಿಗೆ ಹೋದಾಗ ಮಕ್ಕಳು ಕರೆದರೆ, ಶಾಲೆಯೂ ಒಪ್ಪಿದರೆ, ಒಂದು ಮಧ್ಯಾಹ್ನ ಹೋಗಿ ಕಥೆ ಹೇಳಿ ಬನ್ನಿ. ವಾರವಾರವೂ ನೀವೇ ಭಜನೆ ಹೇಳಿಕೊಡಬೇಕೆಂದಿದ್ದರೆ ಅದಕ್ಕೆ ಮೊಮ್ಮಗನ ಮನೆಯ ಹಾಲ್ ಇದೆ.